ಮಾತಂಗಿಯ ತಲೆ: ಎಲ್ಲವ್ವನ ಕಥೆ ಮತ್ತು ನಮ್ಮ ನೆನಪು

1

ನಮ್ಮ ದೊಡ್ಡವ್ವನ ಕೊರಳಲ್ಲಿ ಮುತ್ತು ಇತ್ತು. ಕೆಂಪು ಬಿಳಿ ಮಣಿಗಳ ಸರ. ಅದನ್ನು ಕಟ್ಟಿದ್ದು ಸವದತ್ತಿ ಎಲ್ಲಮ್ಮನ ಗುಡ್ಡದಲ್ಲಿ, ಭಾರತ ಹುಣ್ಣಿಮೆಯ ಜಾತ್ರೆಯಲ್ಲಿ, ಆಕೆ ಮೈನೆರೆಯುವ ಮೊದಲೇ. ಆಗ ಬೆಳಗಾವಿ ಮುಂಬಯಿ ಪ್ರಾಂತದಲ್ಲಿತ್ತು. 1934ರ ಮುಂಬಯಿ ದೇವದಾಸಿ ಸಂರಕ್ಷಣಾ ಕಾಯ್ದೆ ಜಾರಿಯಲ್ಲಿತ್ತು. ಅಂದರೆ ದೊಡ್ಡವ್ವನಿಗೆ ಮುತ್ತು ಕಟ್ಟಿದ್ದು ಅವತ್ತಿಗೂ ಅಪರಾಧವೇ. ಆದರೆ ಖಾನಾಪುರ ತಾಲೂಕಿನ ನಮ್ಮ ಕೇರಿಗೆ ಗುಡ್ಡದ ದಾರಿ ಗೊತ್ತಿತ್ತು, ಕಾಯ್ದೆಯ ದಾರಿ ಗೊತ್ತಿರಲಿಲ್ಲ.

ಮುಂದೆ ನಮ್ಮಪ್ಪ ಬೆಳಗಾವಿಯ ಉದ್ಯಮಬಾಗದಲ್ಲಿ ಒಂದು ಫೌಂಡ್ರಿಗೆ ಕೂಲಿ ಸೇರಿದ. ಖಾನಾಪುರ ರಸ್ತೆಯ ಮಗ್ಗುಲಲ್ಲಿ ಒಂದು ಬಾಡಿಗೆ ಖೋಲಿ. ದೊಡ್ಡವ್ವನೂ ನಮ್ಮ ಜೊತೆಗೇ ಬಂದಳು. ಮಂಗಳವಾರ, ಶುಕ್ರವಾರ ತಲೆಯ ಮೇಲೆ ಜಗ ಹೊತ್ತು ಐದು ಮನೆ ಜೋಗ ಬೇಡುವುದು. ಉಳಿದ ದಿನ ಫೌಂಡ್ರಿ ಅಂಗಳದಲ್ಲಿ ಮರಳು ಜರಡಿ ಹಿಡಿಯುವುದು. ಜಗ ಹೊತ್ತ ದಿನ ಅದೇ ಅಂಗಳದ ಜನ ಆಕೆಯ ಕಾಲಿಗೆ ಬೀಳೋರು, ಭಂಡಾರ ಹಚ್ಚಿಸಿಕೊಳ್ಳೋರು. ಮರುದಿನ ಅವರೇ ನೀರನ್ನು ಮೇಲಿನಿಂದ ಬೊಗಸೆಗೆ ಸುರಿಯೋರು.

ನನಗೆ ಎಂಟೋ ಒಂಬತ್ತೋ ವರ್ಷವಿದ್ದಾಗ ತಲೆಯಲ್ಲಿ ಜಡೆ ಬಂತು. ಎಣ್ಣೆಯಿಲ್ಲದ, ಬಾಚಣಿಕೆ ಕಾಣದ ಕೂದಲು ಗಂಟು ಕಟ್ಟಿತ್ತು, ಅಷ್ಟೆ. ಆದರೆ ಓಣಿಯವರು ಬಂದು ಕೈಮುಗಿದರು. ‘ಅವ್ವ ಕರದಾಳ, ತಡಾ ಮಾಡಬ್ಯಾಡ್ರಿ’ ಅಂದರು. ಅವ್ವ ಅಳುತ್ತ ಕೂತಳು. ಅಪ್ಪ ಕತ್ತರಿ ಹಿಡಿದುಕೊಂಡು ನಿಂತ, ಆದರೆ ಅವನ ಕೈ ಏಳಲಿಲ್ಲ. ಆಗ ದೊಡ್ಡವ್ವ ಎದ್ದು ಬಂದು ನನ್ನ ತಲೆಯನ್ನು ತನ್ನ ತೊಡೆಯ ಮೇಲೆ ಒತ್ತಿ ಹಿಡಿದಳು. ‘ಕತ್ತರಸೋ. ನಮ್ಮ ಕೇರಿಯಿಂದ ಒಂದು ತಲಿ ಆಗಲೇ ಹೋಗೇತಿ ಅಕಿಗೆ. ಸಾಕು.’

ಆ ಹೋದ ತಲೆ ಯಾರದು? ಈ ಬರಹ ಆ ಒಂದು ಮಾತಿನ ಬೆನ್ನು ಹತ್ತಿ ಬರೆದದ್ದು.

2

ಬೆಳಗಾವಿಯಿಂದ ಸುಮಾರು 80 ಕಿಲೋಮೀಟರ್ ದೂರ, ಸವದತ್ತಿ ದಾಟಿ ಉಗರಗೋಳದ ಹತ್ತಿರ ಎಲ್ಲಮ್ಮನ ಗುಡ್ಡ. ಏಳುಕೊಳ್ಳದ ಎಲ್ಲವ್ವ ಅಂತಾರೆ. ಎಲ್ಲರಿಗೂ ಅವ್ವನಾದ್ದರಿಂದ ಎಲ್ಲವ್ವ ಅಂತಲೂ ಜನ ಅರ್ಥ ಹೇಳುತ್ತಾರೆ. ಪೇಟೆಯಲ್ಲಿ ಮಾರುವ ಪುಸ್ತಿಕೆಗಳಲ್ಲಿ ಆಕೆಯ ಹೆಸರು ರೇಣುಕಾದೇವಿ. ಕಥೆ ಹೀಗೆ:

ರೇಣುಕೆ ಅರಸನ ಮಗಳು, ಜಮದಗ್ನಿ ಋಷಿಯ ಹೆಂಡತಿ. ದಿನವೂ ಮಲಪ್ರಭೆಗೆ ಹೋಗಿ ಹಸಿ ಮರಳಿನಿಂದ ಕೊಡ ಮಾಡಿ, ಹಾವನ್ನು ಸಿಂಬಿ ಮಾಡಿ, ಗಂಡನ ಪೂಜೆಗೆ ನೀರು ತರುವಳು. ಅದು ಆಕೆಯ ಪಾತಿವ್ರತ್ಯದ ಬಲ. ಒಂದು ದಿನ ಹೊಳೆಯಲ್ಲಿ ಗಂಧರ್ವರ ಜಲಕ್ರೀಡೆ ಕಂಡು ಅರೆಗಳಿಗೆ ಮನಸ್ಸು ಕದಲಿತು. ಮರಳು ಕುಸಿಯಿತು, ಹಾವು ಹರಿದು ಹೋಯಿತು. ಗಂಡನ ಶಾಪದಿಂದ ಮೈತುಂಬ ರೋಗ. ಅಲೆಯುತ್ತ ಬಂದವಳು ಎಕ್ಕಯ್ಯ ಜೋಗಯ್ಯರನ್ನು ಕಂಡು, ಅವರ ಮಾತಿನಂತೆ ಜೋಗುಳಬಾವಿಯಲ್ಲಿ ಮಿಂದು ಜೋಗ ಬೇಡಿ ಗುಣವಾದಳು. ಮನೆಗೆ ಮರಳಿದರೆ ಗಂಡನ ಸಿಟ್ಟು ಇಳಿದಿರಲಿಲ್ಲ. ತಾಯಿಯನ್ನು ಕಡಿಯಲು ಮಕ್ಕಳಿಗೆ ಹೇಳಿದ. ನಾಲ್ವರು ಒಲ್ಲೆ ಅಂದರು. ಕಿರಿಯ ಪರಶುರಾಮ ಕೊಡಲಿ ಎತ್ತಿದ. ಮೆಚ್ಚಿದ ಅಪ್ಪನಿಂದ ವರ ಬೇಡಿ ತಾಯಿಯನ್ನು ಮತ್ತೆ ಬದುಕಿಸಿದ.

ಮರಳಿನ ಕೊಡದ ಮಾತು ಬಂದಾಗಲೆಲ್ಲ ಅಪ್ಪ ನಗುತ್ತಿದ್ದ. ದಿನವೂ ಮರಳಿನ ಅಚ್ಚು ಕಟ್ಟುವ ಕೈ ಅವನದು. ‘ಮರಳು ಪತಿವ್ರತಾ ನೋಡಿ ನಿಲ್ಲಂಗಿಲ್ಲ. ಬೆಂಟೊನೈಟ್ ಮಣ್ಣು, ನೀರು, ಹದ ಇದ್ರ ನಿಲ್ಲತೈತಿ. ಹದ ತಪ್ಪಿದ್ರ ಋಷಿ ಹೇಂತಿ ಕೈಯಾಗೂ ಬೀಳತೈತಿ.’ ಹೆಣ್ಣಿನ ಕೆಲಸದ ಕೌಶಲವನ್ನು ಆಕೆಯ ಶೀಲಕ್ಕೆ ಗಂಟುಹಾಕಿ, ಕೆಲಸ ಕೆಟ್ಟಾಗ ಶೀಲವೇ ಕೆಟ್ಟಿತೆನ್ನುವ ಈ ಕಥೆಗೆ ಇದಕ್ಕಿಂತ ದೊಡ್ಡ ವಿಮರ್ಶೆಯನ್ನು ನಾನು ಮುಂದೆ ಕಾಲೇಜಿನಲ್ಲೂ ಓದಲಿಲ್ಲ.

ದೊಡ್ಡವ್ವ ಹೇಳುತ್ತಿದ್ದ ಕಥೆ ಬೇರೆ. ಅವಳ ರೇಣುಕೆ ಕೊಡಲಿಗೆ ಕೊರಳು ಕೊಟ್ಟು ನಿಲ್ಲುವವಳಲ್ಲ, ಓಡುವವಳು. ಊರ ಬಾಗಿಲು ಒಂದೊಂದೇ ಮುಚ್ಚುತ್ತವೆ. ಊರ ಹೊರಗೆ, ಕೇರಿಯಲ್ಲಿ, ಒಂದು ಬಾಗಿಲು ತೆರೆಯುತ್ತದೆ. ಆ ಮನೆಯಾಕೆ ಮಾತಂಗಿ. ನೀರು ಕೊಡುತ್ತಾಳೆ, ಅಂಬಲಿ ಕೊಡುತ್ತಾಳೆ, ಒಳಗೆ ಬಚ್ಚಿಡುತ್ತಾಳೆ. ಪರಶುರಾಮ ಬಂದಾಗ ಅಡ್ಡ ನಿಲ್ಲುತ್ತಾಳೆ. ಒಂದೇ ಏಟಿಗೆ ಎರಡು ತಲೆ. ಮತ್ತೆ ಬದುಕಿಸುವಾಗ ಅವಸರದಲ್ಲಿ ತಲೆಗಳು ಅದಲುಬದಲು. ರೇಣುಕೆಯ ಮೈಮೇಲೆ ಮಾತಂಗಿಯ ತಲೆ ಕೂತಿತು. ಆಕೆಯೇ ಎಲ್ಲವ್ವ.

‘ಮತ್ತ ಇನ್ನೊಬ್ಬಾಕಿ ಏನಾದ್ಲು ದೊಡ್ಡವ್ವ?’ ಅಂತ ನಾನು ಕೇಳುತ್ತಿದ್ದೆ.

‘ಕೇರಿಗೆ ಬಂದ್ಲು. ಇನ್ನೆಲ್ಲಿ ಹೋಗ್ತಾಳ ಅಕಿ?’

3

ಇದು ಅನಕ್ಷರಸ್ಥ ಮುದುಕಿಯೊಬ್ಬಳ ಕಲ್ಪನೆ ಅಂತ ತಳ್ಳಿಹಾಕೋರು ಇರುತ್ತಾರೆ. ಹಾಗಾಗಿ ಅಕ್ಷರದ ಕಡೆಗೇ ಹೋಗೋಣ.

ರೇಣುಕೆಯ ಕಥೆ ಮಹಾಭಾರತದ ಅರಣ್ಯಪರ್ವದಲ್ಲಿ ಬರುತ್ತದೆ. ಅಲ್ಲಿ ಮರಳಿನ ಕೊಡವಿಲ್ಲ, ಹಾವಿನ ಸಿಂಬಿಯಿಲ್ಲ, ಮಾತಂಗಿಯಂತೂ ಇಲ್ಲವೇ ಇಲ್ಲ. ಪ್ರಸೇನಜಿತನ ಮಗಳು ರೇಣುಕೆ ಸ್ನಾನಕ್ಕೆ ಹೋದಾಗ ಚಿತ್ರರಥನೆಂಬ ರಾಜ ಹೆಂಡತಿಯರೊಡನೆ ನೀರಾಟ ಆಡುವುದನ್ನು ಕಾಣುತ್ತಾಳೆ. ಜಮದಗ್ನಿಗೆ ಅದು ತಿಳಿಯುತ್ತದೆ. ಒಲ್ಲೆನೆಂದ ನಾಲ್ವರು ಮಕ್ಕಳು ಶಾಪದಿಂದ ಬುದ್ಧಿಗೆಟ್ಟು ಪಶುಪಕ್ಷಿಗಳಂತೆ ಆಗುತ್ತಾರೆ. ಇದೇ ನಾಲ್ವರನ್ನು ನಮ್ಮ ಜೋಗಪ್ಪಗಳು ತಮ್ಮ ಹಿರೀಕರು ಅಂತಾರೆ: ತಾಯಿಯನ್ನು ಕೊಲ್ಲಲು ಒಪ್ಪದ್ದಕ್ಕೆ ಗಂಡಸುತನ ಕಳೆದುಕೊಂಡವರು. ಎರಡು ಹೇಳಿಕೆಗಳ ನಡುವಿನ ಅಂತರ ನೋಡಿ. ಗ್ರಂಥದಲ್ಲಿ ಅವರು ಬುದ್ಧಿಗೇಡಿಗಳು. ಜೋಗಪ್ಪಗಳ ಬಾಯಲ್ಲಿ, ಕೊಲ್ಲದೆ ಉಳಿದ ಮಕ್ಕಳು ಅವರೇ.

ಪರಶುರಾಮ ಕೇಳುವ ವರಗಳನ್ನು ಎಲ್ಲರೂ ಬಲ್ಲರು: ತಾಯಿ ಏಳಲಿ, ಅಣ್ಣಂದಿರು ಮೊದಲಿನಂತಾಗಲಿ, ತನಗೆ ಪಾಪ ತಟ್ಟದಿರಲಿ. ಅವುಗಳ ನಡುವೆ ಇನ್ನೊಂದು ವರವಿದೆ. ಪುಸ್ತಿಕೆಗಳು ಅದನ್ನು ಓಡಿಸಿಕೊಂಡು ಹೋಗುತ್ತವೆ. ತನ್ನನ್ನು ಕೊಂದದ್ದು ತಾಯಿಗೆ ನೆನಪಿರಬಾರದು ಅನ್ನುವ ವರ ಅದು.

ಇದನ್ನು ಓದಿದ ದಿನ ನಾನು ಪುಸ್ತಕ ಮುಚ್ಚಿಟ್ಟೆ. ಕಡಿದವನು ಬೇಡಿದ್ದು ಕ್ಷಮೆಯಲ್ಲ, ಮರೆವು. ಅದೂ ತನ್ನ ಮರೆವಲ್ಲ, ಕಡಿಸಿಕೊಂಡವಳ ಮರೆವು. ಈ ದೇಶದಲ್ಲಿ ಕೆಳಗಿನವರ ಚರಿತ್ರೆ ಯಾಕೆ ಬರೆಯಲ್ಪಡಲಿಲ್ಲ ಅಂತ ಕೇಳುವವರಿಗೆ ಉತ್ತರ ಈ ವರದೊಳಗಿದೆ. ಸತ್ತವಳು ಎದ್ದು ಬರಬಹುದು, ಪೂಜೆ ಮಾಡಿಸಿಕೊಳ್ಳಬಹುದು, ಗುಡಿ ಕಟ್ಟಿಸಿಕೊಳ್ಳಬಹುದು. ನೆನಪು ಮಾತ್ರ ಇಟ್ಟುಕೊಳ್ಳುವಂತಿಲ್ಲ.

ಆದರೆ ಆ ವರ ಕೇರಿಗೆ ತಟ್ಟಲಿಲ್ಲ. ರೇಣುಕೆ ಮರೆತದ್ದನ್ನು ಜೋಗತಿಯರು ಚೌಡಿಕೆ ಹಿಡಿದು ಹಾಡುತ್ತ ಬಂದರು.

4

ಆ ನೆನಪು ನಮ್ಮ ಸೀಮೆಯದಷ್ಟೇ ಅಲ್ಲ. ತೆಲುಗು, ತಮಿಳು ನಾಡುಗಳಲ್ಲೂ ಮಾರಿಯಮ್ಮನ ಹೆಸರಿನಲ್ಲಿ ಈ ತಲೆ ಅದಲುಬದಲಿನ ಕಥೆಯಿದೆ. ಫ್ರೆಂಚ್ ಪ್ರವಾಸಿ ಪಿಯರ್ ಸೋನರಾ ಅದನ್ನು ದಕ್ಷಿಣ ಭಾರತದಲ್ಲಿ ಕೇಳಿ 1782ರಲ್ಲಿ ಅಚ್ಚು ಮಾಡಿಸಿದ. ಅದರ ಎಳೆ ಹಿಡಿದು ಜರ್ಮನಿಯ ಗಯಟೆ 1824ರಲ್ಲಿ ‘ಪರಯ’ ಎಂಬ ಕವನಗಳನ್ನು ಪ್ರಕಟಿಸಿದ.

ಸೋನರಾ ಬರೆದುಕೊಂಡ ರೂಪದಲ್ಲಿ ಒಂದು ಪಲ್ಲಟ ಇದೆ. ಅಲ್ಲಿ ತಲೆ ಋಷಿಪತ್ನಿಯದು, ಮೈ ಅಪರಾಧಕ್ಕಾಗಿ ಕಡಿಸಿಕೊಂಡ ಪರಯ ಹೆಂಗಸಿನದು. ಹಾಗೆ ಹುಟ್ಟಿದ ದೇವತೆಯ ಸದ್ಗುಣವೆಲ್ಲ ತಲೆಯಿಂದ ಬಂದದ್ದು, ಕ್ರೌರ್ಯವೆಲ್ಲ ಮೈಯಿಂದ ಬಂದದ್ದು. ವಿರಾಟಪುರುಷನ ಮುಖದಿಂದ ಬ್ರಾಹ್ಮಣ, ಪಾದದಿಂದ ಶೂದ್ರ ಎಂದ ಲೆಕ್ಕವೇ ಇಲ್ಲಿಯೂ ಇದೆ. ದೊಡ್ಡವ್ವನ ಕಥೆ ಆ ಲೆಕ್ಕವನ್ನು ತಲೆಕೆಳಗು ಮಾಡುತ್ತದೆ. ಗುಡ್ಡದ ಮೇಲಿನ ದೇವಿಯ ಕಣ್ಣು, ಕಿವಿ, ಬಾಯಿ ಎಲ್ಲ ಮಾತಂಗಿಯವು. ಭಕ್ತರು ನೋಡುವ ಮುಖ ಕೇರಿಯ ಮುಖ. ಒಂದೇ ಕಥೆಯನ್ನು ಯಾರು ಹೇಳುತ್ತಾರೆ ಅನ್ನುವುದರ ಮೇಲೆ ತಲೆ ಯಾರದು, ಮೈ ಯಾರದು ಅನ್ನೋದು ನಿರ್ಧಾರವಾಗುತ್ತದೆ.

ಬಾಯಿಮಾತು ಬಿಟ್ಟು ಕಲ್ಲನ್ನು ಕೇಳಿದರೆ? ಸವದತ್ತಿಯ ಹಳೆಯ ಹೆಸರು ಸುಗಂಧವರ್ತಿ, ರಟ್ಟರ ರಾಜಧಾನಿ. ಆಮೇಲೆ ಅವರು ವೇಣುಗ್ರಾಮಕ್ಕೆ, ಅಂದರೆ ಬೆಳಗಾವಿಗೆ ಬಂದರು. ಈ ರಟ್ಟರಲ್ಲಿ ನಾಲ್ವರು ಅರಸರ ಹೆಸರು ಕಾರ್ತವೀರ್ಯ! ಪುರಾಣದಲ್ಲಿ ಜಮದಗ್ನಿಯ ಹಸುವನ್ನು ಸೆಳೆದೊಯ್ದ ದುಷ್ಟ ಅರಸ, ಪರಶುರಾಮನ ಕೊಡಲಿಗೆ ಬಿದ್ದವನು ಕಾರ್ತವೀರ್ಯಾರ್ಜುನ. ಈ ನೆಲದಲ್ಲಿ ಆ ಹೆಸರು ದೊರೆಗಳು ಹೆಮ್ಮೆಯಿಂದ ಇಟ್ಟುಕೊಂಡ ಹೆಸರು. ನಾಲ್ಕನೆಯ ಕಾರ್ತವೀರ್ಯನ ಕಾಲದಲ್ಲಿ, 1204ರಲ್ಲಿ, ಬೆಳಗಾವಿ ಕೋಟೆಯೊಳಗೆ ಕಮಲ ಬಸದಿ ಕಟ್ಟಿದರು. ಬಸದಿ ಇನ್ನೂ ಇದೆ. ಆ ಕಾಲದ ಶಾಸನಗಳು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂ ಸೇರಿವೆ. ಇದರಿಂದ ಎಲ್ಲವ್ವನ ಕಥೆ ಇಂಥ ವರ್ಷ ಹುಟ್ಟಿತು ಅಂತ ನಾನು ವಾದ ಹೂಡುವುದಿಲ್ಲ. ಪರಶುರಾಮನನ್ನು ನಾಯಕ ಮಾಡಿದ ಕಥೆಯೊಂದೇ ಈ ಸೀಮೆಯ ಅಳತೆಗೋಲು ಆಗಿರಲಿಲ್ಲ ಅನ್ನುವುದಕ್ಕೆ ಇಷ್ಟು ಸಾಕು.

ಈಗಿನ ಗುಡಿಯನ್ನು ರಾಯಬಾಗದ ಬೊಮ್ಮಪ್ಪ ನಾಯಕ 1514ರಲ್ಲಿ ಕಟ್ಟಿಸಿದ ಅಂತ ಹೇಳಿಕೆ. ಕಟ್ಟಿಸಿದವನ ಹೆಸರು ಉಳಿಯಿತು. ಕಲ್ಲು ಹೊತ್ತವರದು ಉಳಿಯಲಿಲ್ಲ. ಗುಡ್ಡದಲ್ಲಿ ಪರಶುರಾಮನಿಗೆ ಗುಡಿಯಿದೆ, ಜಮದಗ್ನಿಗೆ ಇದೆ, ಮಾತಂಗಿಗೂ ಒಂದಿದೆ. ತಲೆ ಕೊಟ್ಟವಳು ತಾನೇ ಕೊಟ್ಟ ಮುಖದ ದೇವಿಗೆ ಪರಿವಾರವಾಗಿ ನಿಂತಿದ್ದಾಳೆ. ದೊಡ್ಡವ್ವ ಮೊದಲು ಅಲ್ಲಿಗೆ ಹೋಗಿ ಪಡ್ಡಲಗಿ ತುಂಬಿಸಿ, ಆಮೇಲೆ ದೊಡ್ಡ ಗುಡಿಯ ಸಾಲಿಗೆ ನಿಲ್ಲುತ್ತಿದ್ದಳು.

5

ಇಲ್ಲಿಯವರೆಗೆ ಓದಿದ ಕೆಲವು ಗೆಳೆಯರಿಗೆ ಖುಷಿಯಾಗಬಹುದು. ‘ನೋಡ್ರಿ, ಎಲ್ಲವ್ವ ನಮ್ಮಾಕಿ, ವೈದಿಕರು ಕದ್ದರು’ ಅಂತ ಹೇಳಲು ಒಂದು ಕಥೆ ಸಿಕ್ಕಿತು. ತುಸು ತಡೆಯಿರಿ. ಕಥೆ ನಮ್ಮದಾದರೂ ಮುತ್ತು ಕಟ್ಟಿದ್ದು ನಮ್ಮ ಕೊರಳಿಗೇ.

ಗುಡ್ಡದ ಪಂಚಾಂಗವನ್ನು ನೋಡಿ. ಹೊಸ್ತಿಲ ಹುಣ್ಣಿಮೆಗೆ ಜಮದಗ್ನಿ ಸತ್ತನೆಂದು ದೇವಿಯ ಬಳೆ ಒಡೆಯುತ್ತಾರೆ. ಜನರ ಬಾಯಲ್ಲಿ ಅದು ರಂಡೆ ಹುಣ್ಣಿಮೆ. ಭಾರತ ಹುಣ್ಣಿಮೆಗೆ ಗಂಡ ಮತ್ತೆ ಬದುಕಿದನೆಂದು ಹಸಿರು ಬಳೆ. ಅದು ಮುತ್ತೈದೆ ಹುಣ್ಣಿಮೆ. ದೇವಿಗೆ ವೈಧವ್ಯ ಬರುತ್ತದೆ, ಹೋಗುತ್ತದೆ. ಮುತ್ತು ಕಟ್ಟಿಸಿಕೊಂಡವಳು ಮಾತ್ರ ನಿತ್ಯ ಸುಮಂಗಲಿ. ಆಕೆಗೆ ಗಂಡನೇ ಇಲ್ಲವಲ್ಲ, ಸಾಯುವುದಾದರೂ ಯಾರು? ದೊಡ್ಡವ್ವನನ್ನು ಇಟ್ಟುಕೊಂಡಿದ್ದವನು ಊರಿನ ಹೊಲಮನೆ ಇದ್ದವನು. ಅವನು ಸತ್ತ ದಿನ ಆಕೆ ದೂರದ ಬೇಲಿಯ ಮರೆಯಲ್ಲಿ ನಿಂತು ನೋಡಿ ಬಂದಳು. ಬಳೆ ಒಡೆಯುವ ಹಕ್ಕೂ ಇರಲಿಲ್ಲ. ಆಕೆಯ ಮಗನನ್ನು ಶಾಲೆಗೆ ಹಚ್ಚಲು ಹೋದಾಗ ಮಾಸ್ತರರು ‘ತಂದೆಯ ಹೆಸರು?’ ಅಂದರು. ಆಕೆ ‘ಎಲ್ಲವ್ವ’ ಅಂದಳು. ಮಾಸ್ತರರು ನಕ್ಕರು. ಹುಡುಗ ಮರುದಿನದಿಂದ ಹೋಗಲಿಲ್ಲ.

ಬೆಳಗಾವಿ ಸೀಮೆಯ ಎಷ್ಟೋ ಜೋಗತಿಯರ ದಾರಿ ಮುಂಬಯಿಯ ಕಾಮಾಠಿಪುರಕ್ಕೆ ಹೋಗಿ ಮುಟ್ಟುತ್ತಿತ್ತು. 1936ರ ಜೂನ್‌ನಲ್ಲಿ ಬಾಬಾಸಾಹೇಬರು ಪರೇಲಿನ ಸಭೆಯಲ್ಲಿ ಮುರಳಿ, ಜೋಗತಿ, ದೇವದಾಸಿ ಹೆಣ್ಣುಮಕ್ಕಳನ್ನು ಎದುರಿಗೆ ಕೂಡಿಸಿಕೊಂಡು ಮಾತಾಡಿದರು. ಬಡತನ ಬಂದರೂ ಸೈ, ಈ ಬದುಕು ಬಿಡಿರಿ ಅನ್ನುವುದು ಅವರ ಮಾತಿನ ಸಾರ. ಪುರಾಣ ಬಿಡಿಸಿ ಹೇಳುತ್ತ ಕೂಡಲಿಲ್ಲ. ಎದುರಿಗಿದ್ದ ಹೆಣ್ಣುಮಕ್ಕಳ ನಾಳೆಯ ಮಾತಾಡಿದರು.

ಕರ್ನಾಟಕ ಸರಕಾರ 1982ರಲ್ಲಿ ದೇವದಾಸಿ ಸಮರ್ಪಣೆ ನಿಷೇಧ ಕಾಯ್ದೆ ಮಾಡಿತು. ಮುತ್ತು ಕಟ್ಟುವ ವಿಧಿ ಮಾಡಿಸಿದವರಿಗೆ 3 ವರ್ಷದವರೆಗೆ ಜೈಲು. ಹೆತ್ತವರು, ಪೋಷಕರು, ಸಂಬಂಧಿಕರೇ ಮಾಡಿಸಿದರೆ 5 ವರ್ಷದವರೆಗೆ. ಕೇರಿಯ ಅವ್ವ ಅಪ್ಪನಿಗೆ ಹೆಚ್ಚು ಶಿಕ್ಷೆ. ಆಮೇಲೆ ಆಕೆಯನ್ನು ಇಟ್ಟುಕೊಳ್ಳುವ ಹೊಲಮನೆಯವನ ಸುದ್ದಿ ಆ ಕಲಮಿನಲ್ಲಿ ಇಲ್ಲ. ಪರಶುರಾಮನ ಕೊಡಲಿಯ ಹಾಗೆಯೇ, ಆಜ್ಞೆ ಮಾಡಿದವನು ಹೊರಗೇ ಉಳಿದ. ಸರಕಾರದ ಎಣಿಕೆಯಲ್ಲಿ 1993-94ಕ್ಕೆ 22,873 ದೇವದಾಸಿಯರು ಸಿಕ್ಕರು. 2007-08ರ ಎಣಿಕೆ ಇನ್ನೂ 23,787 ಹೆಸರು ಸೇರಿಸಿತು. ಒಟ್ಟು 46,660. ಕಾಯ್ದೆ ಬಂದು ಕಾಲು ಶತಮಾನವಾದ ಮೇಲಿನ ಲೆಕ್ಕ ಇದು. ಶಾಲೆಯ ಆ ಪ್ರಶ್ನೆಗೆ, ತಂದೆಯ ಹೆಸರು ಹೇಳಲೇಬೇಕಿಲ್ಲ ಅನ್ನುವ ಉತ್ತರ ಬರಲು 2025ರ ಮಸೂದೆಯವರೆಗೆ ಕಾಯಬೇಕಾಯಿತು. ದೊಡ್ಡವ್ವನ ಮಗನಿಗೆ ಈಗ ಮೊಮ್ಮಕ್ಕಳಿದ್ದಾರೆ.

6

ಇದೇ ರೇಣುಕೆಯ ಇನ್ನೊಂದು ಗುಡಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲೂಕಿನ ಚಂದ್ರಗುತ್ತಿಯಲ್ಲಿದೆ. ಬಟ್ಟೆಯಿಲ್ಲದೆ ಓಡಿಬಂದ ರೇಣುಕೆ ಅಲ್ಲಿನ ಗುಹೆ ಹೊಕ್ಕಳು ಅನ್ನುವ ಐತಿಹ್ಯದ ಮೇಲೆ ಅಲ್ಲಿ ಬೆತ್ತಲೆ ಸೇವೆ ನಡೆಯುತ್ತಿತ್ತು. 1986ರ ಮಾರ್ಚಿನಲ್ಲಿ ಅದನ್ನು ತಡೆಯಲು ಹೋದ ದಲಿತ ಸಂಘರ್ಷ ಸಮಿತಿಯ ಮತ್ತಿತರ ಕಾರ್ಯಕರ್ತರ ಮೇಲೆ, ಪೋಲೀಸರ ಮೇಲೆ ಗುಂಪು ತಿರುಗಿಬಿತ್ತು. ಬಟ್ಟೆ ಬಿಚ್ಚಿಸಿ ಮೆರವಣಿಗೆ ಮಾಡಿತು. ಬಳಿಕ ಸರಕಾರ ಬೆತ್ತಲೆ ಸೇವೆಯನ್ನು ನಿಷೇಧಿಸಿತು. ಯು.ಆರ್. ಅನಂತಮೂರ್ತಿಯವರು ‘ಬೆತ್ತಲೆ ಪೂಜೆ ಏಕೆ ಕೂಡದು’ ಅಂತ ಕೇಳಿ, ನಂಬುವವರನ್ನು ಹೊರಗಿನಿಂದ ನೋಡುವ ನಮ್ಮ ವೈಚಾರಿಕ ಮನಸ್ಸಿನ ಕಡೆಗೇ ಬೆರಳು ತೋರಿದರು.

ಆ ಪ್ರಶ್ನೆಯನ್ನು ನಾನು ಹಗುರ ಮಾಡುವುದಿಲ್ಲ. ಆದರೆ ಅದನ್ನು ಕೇಳುವ ಜಾಗ ಯಾವುದು? ದಂಡೆಯ ಮೇಲೆ ನಿಂತವರಿಗೆ ಅದು ನಂಬಿಕೆ ಮತ್ತು ವಿಚಾರದ ನಡುವಿನ ಇಕ್ಕಟ್ಟು. ಹೊಳೆಯಲ್ಲಿ ಬಟ್ಟೆ ಬಿಚ್ಚುವವಳು ಯಾರ ಮಗಳು ಅಂತ ಕೇಳಿದರೆ ಅದು ಜಾತಿಯ ಪ್ರಶ್ನೆ. ದೊಡ್ಡವ್ವ ನಂಬುವವಳು. ಸಾಯುವವರೆಗೂ ನಂಬಿದಳು. ನನ್ನ ಜಡೆ ಕತ್ತರಿಸಿದ ಸಂಜೆಯೂ ಜಗದ ಮುಂದೆ ದೀಪ ಹಚ್ಚಿ ‘ಉಧೋ ಉಧೋ’ ಅಂದವಳು ಅವಳೇ. ನಂಬುತ್ತಲೇ ‘ಸಾಕು’ ಅಂದಳು. ನಂಬಿಕೆಯೊಳಗಿನಿಂದಲೇ ಎದ್ದ ಈ ನಿರಾಕರಣೆಗೆ ನಮ್ಮ ವಿಚಾರವಾದಿಗಳ ಹತ್ತಿರ ಹೆಸರಿಲ್ಲ, ಸಂಸ್ಕೃತಿವಾದಿಗಳ ಹತ್ತಿರವೂ ಇಲ್ಲ.

ಹೀಗೆ ‘ಸಾಕು’ ಅಂದವರು ಆಕೆಯೊಬ್ಬಳೇ ಅಲ್ಲ. ಘಟಪ್ರಭಾದಲ್ಲಿ 1997ರಲ್ಲಿ ಮಾಜಿ ದೇವದಾಸಿಯರು ಕೂಡಿ ಮಾಸ್ ಎಂಬ ಸಂಸ್ಥೆ ಕಟ್ಟಿಕೊಂಡರು. ಅದನ್ನು ಮುನ್ನಡೆಸಿದ ಸೀತವ್ವ ಜೋಡಟ್ಟಿ ಸ್ವತಃ ಮುತ್ತು ಕಟ್ಟಿಸಿಕೊಂಡವರು. 2018ರಲ್ಲಿ ಅವರಿಗೆ ಪದ್ಮಶ್ರೀ ಬಂತು. 2021ರಲ್ಲಿ ಎಲ್ಲವ್ವನ ಹಾಡಿನ ಜೋಗತಿ ಮಂಜಮ್ಮನವರಿಗೂ ಪದ್ಮಶ್ರೀ. ಒಬ್ಬರು ಮುತ್ತು ಹರಿಯುವ ಕೆಲಸ ಮಾಡಿದರು, ಇನ್ನೊಬ್ಬರು ಚೌಡಿಕೆಯ ಹಾಡನ್ನು ಉಳಿಸಿದರು. ದಲಿತ ವಿಮರ್ಶೆ ಈ ಎರಡನ್ನೂ ಒಟ್ಟಿಗೆ ನೋಡಲು ಕಲಿಯಬೇಕು ಅನ್ನುವುದು ನನ್ನ ವಾದ. ಕಥೆಯನ್ನು ಮೂಢನಂಬಿಕೆ ಅಂತ ಬಿಸಾಡಿದರೆ ಮಾತಂಗಿಯ ನೆನಪೂ ಅದರ ಜೊತೆ ಹೋಗುತ್ತದೆ, ಪರಶುರಾಮನ ವರ ನಮ್ಮ ಕೈಯಿಂದಲೇ ಪೂರ್ತಿಯಾಗುತ್ತದೆ. ಕಥೆಯನ್ನು ಪರಂಪರೆ ಅಂತ ಮೆರೆಸಿ 46,660 ಕೊರಳುಗಳನ್ನು ಮರೆತರೆ, ಅದು ಇನ್ನೊಂದು ಬಗೆಯ ಮರೆವು. ನೆನಪು ಬೇಕು, ಮುತ್ತು ಬೇಡ.

7

ಮಲಪ್ರಭೆ ಹುಟ್ಟುವುದು ನಮ್ಮ ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ. ಅಲ್ಲಿ ಮಾವುಲಿ ದೇವಿಯ ಗುಡಿಯಿದೆ. ಮರಾಠಿಯಲ್ಲಿ ಮಾವುಲಿ ಅಂದರೆ ತಾಯಿ. ಖಾನಾಪುರ ಹಾಯ್ದು ಇಳಿದ ಹೊಳೆ ಸವದತ್ತಿಯ ನವಿಲುತೀರ್ಥದಲ್ಲಿ ಅಣೆಕಟ್ಟಿಗೆ ನಿಲ್ಲುತ್ತದೆ. ಆ ಜಲಾಶಯದ ಹೆಸರು ರೇಣುಕಾಸಾಗರ. ಅಲ್ಲಿಂದ ಮುಂದೆ ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತದೆ. ಹೊಳೆಯುದ್ದಕ್ಕೂ ತಾಯಿ ಇದ್ದಾಳೆ, ರೇಣುಕೆ ಇದ್ದಾಳೆ. ಮಾತಂಗಿಯ ಹೆಸರಿನ ಒಂದು ಕೆರೆಯನ್ನೂ ನಾನು ಕಂಡಿಲ್ಲ.

2023ರಲ್ಲಿ ಹೆಣ್ಣುಮಕ್ಕಳಿಗೆ ಬಸ್ಸು ಪುಕ್ಕಟೆಯಾದ ಮೇಲೆ ಗುಡ್ಡದಲ್ಲಿ ಕಾಲಿಡಲು ಜಾಗವಿಲ್ಲದಷ್ಟು ಜನ. 2024ರಲ್ಲಿ ಕೇಂದ್ರ ಸರಕಾರ ಗುಡ್ಡದ ಅಭಿವೃದ್ಧಿಗೆ 100 ಕೋಟಿ ರೂಪಾಯಿ ಮಂಜೂರು ಮಾಡಿತು. ನೆರಳು, ನೀರು, ಸಂಡಾಸು ಬರಲಿ. ಎತ್ತಿನ ಗಾಡಿಯಲ್ಲಿ ಬರುವ ಬಡವರಿಗೆ ಅದು ಬೇಕೇ ಬೇಕು. ಆದರೆ ಇಷ್ಟು ದುಡ್ಡು ಬಂದ ಕಡೆ ಒಂದು ದೊಡ್ಡ ಫಲಕವೂ ಬರುತ್ತದೆ, ‘ಕ್ಷೇತ್ರದ ಇತಿಹಾಸ’ ಅಂತ. ಅದರ ಮೇಲೆ ಯಾವ ಕಥೆ ಬರೆಯುತ್ತಾರೆ? ಜೋಗತಿಯರ ಬಾಯಿಗೆ ಕಿವಿಗೊಟ್ಟು ಬರೆಯುತ್ತಾರೋ, ಪುಸ್ತಿಕೆ ನೋಡಿ ನಕಲು ಮಾಡುತ್ತಾರೋ? ನಮ್ಮ ಸಂಘಟನೆಗಳು ಕೇಳಬೇಕಾದ ಪ್ರಶ್ನೆ ಇದು. ಬರೆದು ನಿಲ್ಲಿಸಿದ ಮೇಲೆ ಕೇಳಿದರೆ ಉಪಯೋಗವಿಲ್ಲ.

ದೊಡ್ಡವ್ವ ತೀರಿದಾಗ ಮುತ್ತನ್ನು ಏನು ಮಾಡುವುದು ಅಂತ ಮನೆಯಲ್ಲಿ ಮಾತು ಬಂತು. ಆಕೆಯ ಜೊತೆಗೇ ಹೂಳಬೇಕು ಅಂದರು ಕೆಲವರು. ಹೊಳೆಗೆ ಬಿಡಬೇಕು ಅಂದರು ಕೆಲವರು. ನಾನು ಎರಡಕ್ಕೂ ಒಪ್ಪಲಿಲ್ಲ. ಅದು ನನ್ನ ಹತ್ತಿರ ಇದೆ, ಅಪ್ಪನ ಫೌಂಡ್ರಿ ಹಾಜರಿ ಪುಸ್ತಕದ ಜೊತೆ ಒಂದು ಡಬ್ಬಿಯಲ್ಲಿ. ನನ್ನ ಮಗಳು ಒಮ್ಮೆ ಅದನ್ನು ತೆಗೆದು ‘ಇದೇನವ್ವ?’ ಅಂತ ಕೊರಳಿಗೆ ಹಿಡಿದು ನೋಡಹೋದಳು. ಕೈಯಿಂದ ಕಸಿದುಕೊಂಡೆ. ಆಮೇಲೆ ಕೂಡಿಸಿಕೊಂಡು ಕಥೆ ಹೇಳಿದೆ, ಮಾತಂಗಿ ಬಾಗಿಲು ತೆರೆದಲ್ಲಿಂದ.